ಹಳದಿ ಚೀಟಿ ಕಟ್ಟಿದ ದೃಶ್ಯ

ಪುಟದ ನಡುವೆ ಗುರುತಿಗೆ ಇಡೋಣವೆಂದು ಒಂದು ಚೂರು ಕಾಗದ ಹುಡುಕುತ್ತಾ ಮೇಜಿನ ಡ್ರಾಯರ್ ಎಳೆದೆ. ಕೈಗೆ ಬಂದದ್ದು ಏನೂ ಬರೆಯದ ಒಂದು ಹಳದಿ ಚೀಟಿ. ಮೂಸಿ ನೋಡಿದೆ. ನಗಬೇಡಿ, ಹಳೇ ಕಾಗದ ಸಿಕ್ಕರೆ ನೀವೂ ಮೂಸುತ್ತೀರಿ. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಬಳಿಯುವ ಎಣ್ಣೆಯ ವಾಸನೆ ಅದರಲ್ಲಿ ಇನ್ನೂ ಇತ್ತು. ಅದನ್ನು ಪುಟದ ನಡುವೆ ಇಡಲು ಮನಸ್ಸಾಗಲಿಲ್ಲ. ಯಾಕೆಂದರೆ ಮೇಜಿನ ಮೇಲೆ ಇದ್ದದ್ದು ರತ್ನಮ್ಮನವರ ನಾಲ್ಕು ನಾಟಕಗಳ ಕರಡು ಪ್ರತಿ. ಬುಧವಾರ ಅದು ಪ್ರೆಸ್ಸಿಗೆ ಹೋಗುತ್ತದೆ. ಬಿಡುಗಡೆಯ ದಿನ ಅದರ ಬಗ್ಗೆ ಹದಿನೈದು ನಿಮಿಷ ಮೆಚ್ಚಿ ಮಾತಾಡಬೇಕಾದವನು ನಾನು. ಪ್ರತಿ ಬಂದು ಎರಡು ದಿನವಾದರೂ ಮೊದಲ ನಾಟಕವನ್ನು ಮಾತ್ರ ಬಿಡಿಸುವ ಧೈರ್ಯವಾಗದೆ ಹಿಂದಿನಿಂದ ಮುಂದಕ್ಕೆ ಓದುತ್ತಾ ಕೂತಿದ್ದೆ.

ನನ್ನ ವಿಷಯ ಮೊದಲು ಹೇಳಿಬಿಡುತ್ತೇನೆ. ನಾನು ನಾಟಕಕಾರ ಎಂದು ಹೇಳಿಕೊಳ್ಳುತ್ತೇನೆ, ಹೆಂಡತಿ ಎದುರಿಗೆ ಇಲ್ಲದಾಗ. ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ ತಪಾಸಣೆ ಕೆಲಸ. ಮೆಟ್ರೋ ಕಂಬಗಳು ಇನ್ನೂ ಏಳದಿದ್ದ ಕಾಲ. ಲೇತಿನಿಂದ ಬಂದ ಬಿಡಿಭಾಗಗಳನ್ನು ಅಳೆದು ಚೀಟಿ ಕಟ್ಟುವುದು ನನ್ನ ಪಾಲಿನ ಕೆಲಸ. ಸರಿಯಿದ್ದರೆ ಹಸಿರು, ಗುಜರಿಗೆ ಹೋಗುವುದಾದರೆ ಕೆಂಪು, ತಿದ್ದಿದರೆ ಸರಿಹೋಗುತ್ತದೆ ಅನ್ನುವುದಕ್ಕೆ ಹಳದಿ. ಹಳದಿ ಚೀಟಿಯ ಮೇಲೆ ಮಾತ್ರ ಕಾರಣ ಬರೆದು ಸಹಿ ಹಾಕಬೇಕು. 'ತೂತು ಸಣ್ಣದು', 'ಉದ್ದ ಜಾಸ್ತಿ', ಹೀಗೆ. ಇಡೀ ದಿನ ಬೇರೆಯವರ ತಪ್ಪು ಹುಡುಕಿ ಸಂಬಳ ತಗೊಳ್ಳುವ ಮನುಷ್ಯನ ಸ್ವಭಾವ ಏನಾಗುತ್ತದೆ ಅಂತ ನೀವೇ ಊಹಿಸಿ. ಮನೆಯಲ್ಲಿ ಚಪಾತಿ ಕೂಡ ದುಂಡಗಿದೆಯಾ ಅಂತ ನೋಡುತ್ತಿದ್ದೆ.

ಭಾನುವಾರ ಬೆಳಗ್ಗೆ ಮೆಷಿನ್ನುಗಳು ಸುಮ್ಮನಿರುವಾಗ ನಾವು ಮೂವರು ಆ ತಪಾಸಣೆ ರೂಮಿನಲ್ಲೇ ಸೇರುತ್ತಿದ್ದೆವು. ಮಾಲೀಕರು ಒಪ್ಪಿದ್ದರು. ನಾಟಕದ ಮೇಲಿನ ಪ್ರೀತಿಯಿಂದಲ್ಲ, ರಜೆಯ ದಿನ ಕಾವಲಿಗೆ ಜನ ಸಿಕ್ಕಿದರಲ್ಲ ಎಂದು. ಮೂವರೂ ನಾಟಕ ಬರೆಯುತ್ತಿದ್ದೆವು. ಬರೆದದ್ದನ್ನು ಒಬ್ಬರು ಓದುವುದು, ಉಳಿದಿಬ್ಬರು ಕೇಳುವುದು. ಮೊದಲನೆಯವನು ಗದಗಿನ ಕಡೆಯ ಬಸಣ್ಣ, ನಮ್ಮಲ್ಲೇ ಲೇತು ಓಡಿಸುವ ಟರ್ನರ್. ಅವನ ಯಾವ ನಾಟಕದಲ್ಲೂ ಗೌಡ ಮೂರನೇ ದೃಶ್ಯದೊಳಗೆ ಸಾಯಲೇಬೇಕಿತ್ತು, ಯಾಕೆಂದರೆ ಗೌಡನ ಪಾತ್ರ ಮಾಡುವವನಿಗೆ ಸೆಕೆಂಡ್ ಶಿಫ್ಟ್ ಇರುತ್ತಿತ್ತು. ಆದರೆ ಗೌಡ ಸತ್ತ ಮೇಲೆ ಅವನ ಆಳುಗಳು ಆಡುವ ಮಾತಿದೆಯಲ್ಲ, ಅಂಥ ಮಾತು ಬರೆಯೋಕೆ ನನಗೆ ಇವತ್ತಿಗೂ ಬರುವುದಿಲ್ಲ. ಕೇಳುತ್ತಾ ಕೇಳುತ್ತಾ ನಾನು ನಗುತ್ತಿದ್ದೆ, ಒಳಗೊಳಗೇ ಸ್ವಲ್ಪ ಸಾಯುತ್ತಲೂ ಇದ್ದೆ.

ಇನ್ನೊಬ್ಬರು ರತ್ನಮ್ಮ. ಹೆಗ್ಗನಹಳ್ಳಿಯಿಂದ ನಡೆದುಕೊಂಡೇ ಬರುತ್ತಿದ್ದರು. ಗಾರ್ಮೆಂಟ್ಸಿನಲ್ಲಿ ಚೆಕ್ಕರ್. ಅಂದರೆ ಅವರದ್ದೂ ನನ್ನದೇ ಕೆಲಸ, ನಾನು ಕಬ್ಬಿಣಕ್ಕೆ, ಅವರು ಅಂಗಿಗೆ. ಹೊಲಿಗೆ ತಪ್ಪಿದ ಕಡೆ ಸಣ್ಣ ಬಾಣದ ಸ್ಟಿಕ್ಕರ್ ಅಂಟಿಸುತ್ತಾರೆ. ಬಾಣ ಕಂಡ ಟೈಲರ್ ಯಾಕೆ ಏನು ಅಂತ ಕೇಳುವ ಹಾಗಿಲ್ಲ, ಹೊಲಿಗೆ ಬಿಚ್ಚಬೇಕು, ಅಷ್ಟೆ. ಈ ಮಾತು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ, ಅದೇ ನನ್ನ ಕರ್ಮ.

ನಾಟಕ ಕೇಳಿದ ಮೇಲೆ ಹೇಗೆ ಮಾತಾಡಬೇಕು ಎಂಬ ಕಟ್ಟಳೆ ಬಸಣ್ಣನದು. "ಮದ್ಲ ಏನ್ ಉಳೀತು ಅದನ್ನ ಹೇಳ್ರಿ ಸರ, ತಪ್ಪು ಆಮ್ಯಾಲ" ಅನ್ನುತ್ತಿದ್ದ. ಪುಸ್ತಕ ಮುಚ್ಚಿಟ್ಟು, ಮನಸ್ಸಿನಲ್ಲಿ ಉಳಿದ ಒಂದು ದೃಶ್ಯವನ್ನು ಕೇಳಿದವನು ತನ್ನ ಬಾಯಲ್ಲಿ ಪೂರ್ತಿ ಹೇಳಬೇಕು. ಆಮೇಲೆ ಚಹಾ. ಅದಾದ ಮೇಲೆ ಟೀಕೆ. ಟೀಕೆಗೆ ಚೀಟಿ ಕಟ್ಟುವುದು ಮಾತ್ರ ನಾನು ತಂದ ತಮಾಷೆ. ಹಾಳೆಗೆ ಗುಂಡುಪಿನ್ನಿನಿಂದ ಹಸಿರೋ ಹಳದಿಯೋ ಸಿಕ್ಕಿಸುತ್ತಿದ್ದೆ, ಹಳದಿಯಾದರೆ ಕಾರಣ ಬರೆದು, ಸಹಿ ಹಾಕಿ. ಬಸಣ್ಣ ಅವನ್ನು ಉದ್ದಕ್ಕೆ ಮಡಚಿ ಹಲ್ಲು ಚುಚ್ಚಿಕೊಳ್ಳುತ್ತಿದ್ದ. ರತ್ನಮ್ಮ ಜೋಪಾನವಾಗಿ ಮನೆಗೆ ತಗೊಂಡು ಹೋಗುತ್ತಿದ್ದರು.

ಆ ವರ್ಷ ಕೈಗಾರಿಕಾ ಪ್ರದೇಶದವರ ರಾಜ್ಯೋತ್ಸವಕ್ಕೆ ನಾಟಕ ಸ್ಪರ್ಧೆ. ನಾನೂ ಒಂದು ಬರೆದಿದ್ದೆ, ರತ್ನಮ್ಮನೂ. ಅವರದ್ದು 'ಒಂದು ರೂಮು, ಎರಡು ಬೀಗದಕೈ'. ಇಬ್ಬರು ಹೆಂಗಸರು ಒಂದೇ ರೂಮನ್ನು ಹಂಚಿಕೊಂಡಿದ್ದಾರೆ. ಒಬ್ಬಳಿಗೆ ಗಾರ್ಮೆಂಟ್ಸಿನಲ್ಲಿ ಹಗಲು ಕೆಲಸ, ಇನ್ನೊಬ್ಬಳು ಆಸ್ಪತ್ರೆಯಲ್ಲಿ ರಾತ್ರಿ ಆಯಾ. ಒಬ್ಬಳು ಬರುವ ಹೊತ್ತಿಗೆ ಇನ್ನೊಬ್ಬಳು ಹೋಗಿರುತ್ತಾಳೆ. ಓನರ್ ಅಮ್ಮನ ಮೂಲಕ ಮಾತುಕತೆ, ಜಗಳ, ಎಲ್ಲ. ಅವರು ಒಬ್ಬರ ಮುಖ ಒಬ್ಬರು ನೋಡಿದ್ದೇ ಇಲ್ಲ. ನಾಲ್ಕನೇ ದೃಶ್ಯದಲ್ಲಿ ಆಯಾ ಬೆಳಗ್ಗೆ ಕೆಲಸ ಮುಗಿಸಿ ಬರುತ್ತಾಳೆ. ಬ್ಯಾಗು ಇಟ್ಟು ಹಾಸಿಗೆ ಮುಟ್ಟುತ್ತಾಳೆ. ಇನ್ನೂ ಬೆಚ್ಚಗಿದೆ. ಮಲಗಲು ಹೋದವಳು ಮಲಗುವುದಿಲ್ಲ. ಯಾರೋ ಮಲಗಿದ್ದಾರೆ, ಎಬ್ಬಿಸಬಾರದು ಅನ್ನುವ ಹಾಗೆ ಹೊದಿಕೆ ಸರಿಮಾಡಿ, ಪಕ್ಕದಲ್ಲಿ ನೆಲದ ಮೇಲೆ ಕೂತುಬಿಡುತ್ತಾಳೆ. ಏಳು ನಿಮಿಷ, ಒಂದೂ ಮಾತಿಲ್ಲ.

ಉಳಿದದ್ದು ಹೇಳುವ ಸರದಿ ಅವತ್ತು ನನ್ನದಾಗಿತ್ತು. ಆ ದೃಶ್ಯವನ್ನೇ ಹೇಳಿದೆ. ರತ್ನಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡರು. ಇಲ್ಲಿಗೆ ನಿಂತಿದ್ದರೆ ನಾನು ಒಳ್ಳೆಯವನಾಗಿ ಉಳಿಯುತ್ತಿದ್ದೆ. ಚಹಾ ಕುಡಿಯುವಾಗ ನನ್ನ ನಾಟಕ ನೆನಪಾಯಿತು. ಅದರಲ್ಲಿ ಎಲ್ಲರೂ ಮಾತಾಡುತ್ತಾರೆ, ಒಬ್ಬರಿಗಿಂತ ಒಬ್ಬರು ಜಾಣರು. ಆ ನೆಲದ ಮೇಲೆ ಕೂತ ಹೆಂಗಸಿನ ಎದುರಿಗೆ ನನ್ನ ಜಾಣರೆಲ್ಲ ಬರೀ ಬಾಯಿಬಡುಕರು ಅನ್ನಿಸಿತು. ನನಗೆ ಹೊಟ್ಟೆಕಿಚ್ಚಾಯಿತು. ಅದಕ್ಕೆ ಬೇರೆ ಹೆಸರಿಲ್ಲ. ಲೋಟ ಕೆಳಗಿಟ್ಟು, ಗಡಿಯಾರ ನೋಡಿ ಗಂಭೀರವಾಗಿ, "ಏಳು ನಿಮಿಷ ಮಾತೇ ಇಲ್ಲದಿದ್ರೆ ಜನ ಎದ್ದು ಹೋಗ್ತಾರೆ ರತ್ನಮ್ಮ" ಎಂದೆ. ಹಳದಿ ಚೀಟಿ ತೆಗೆದು 'ಉದ್ದ ಜಾಸ್ತಿ' ಎಂದು ಬರೆದು ಸಹಿ ಹಾಕಿ ಸಿಕ್ಕಿಸಿದೆ.

ಸ್ಪರ್ಧೆಯ ದಿನ ಪ್ರೇಕ್ಷಕರ ನಡುವೆ ಬಸಣ್ಣನ ಪಕ್ಕ ಕೂತಿದ್ದೆ. ಮೂರನೇ ದೃಶ್ಯ ಮುಗಿಯಿತು. ದೀಪ ಬಂದಾಗ ಓನರ್ ಅಮ್ಮ ಜಗಳ ಶುರುಮಾಡಿದ್ದಳು. ಹಾಸಿಗೆ ಬರಲೇ ಇಲ್ಲ. ಜನ ನಕ್ಕರು, ಚಪ್ಪಾಳೆ ಹೊಡೆದರು, ಊಟದ ಹೊತ್ತಿಗೆ ಮರೆತರು. ಬಸಣ್ಣ ನನ್ನನ್ನೂ ಎಳೆದುಕೊಂಡು ಪರದೆಯ ಹಿಂದೆ ಹೋಗಿ ಕೇಳಿಯೇಬಿಟ್ಟ. "ಅಕ್ಕಾರ, ಆ ಹಾಸಿಗಿ ಸೀನ್ ಎಲ್ಲಿ ಹೋತ್ರಿ?"

"ಸಾರ್ ಚೀಟಿ ಹಾಕಿದ್ರಲ್ಲ ಬಸಣ್ಣ. ಬಿಚ್ಬಿಟ್ಟೆ."

ಎಷ್ಟು ಸಲೀಸಾಗಿ ಹೇಳಿದರು. ಬಸಣ್ಣ ನನ್ನ ಮುಖ ನೋಡಿದ. ಸ್ವಲ್ಪ ಕಡಿಮೆ ಮಾಡಿ ಅಂದಿದ್ದೆ ಅಷ್ಟೆ, ತೆಗೆಯೋಕೆ ಹೇಳಲಿಲ್ಲ ಎಂಬ ಮಾತು ನಾಲಗೆ ತುದಿಯಲ್ಲಿತ್ತು. ಅದೂ ಪೂರ್ತಿ ನಿಜವಲ್ಲವಾದ್ದರಿಂದ ಸುಮ್ಮನಿದ್ದೆ. ಸುಮ್ಮನಿರುವುದು ಅಭ್ಯಾಸವಾಯಿತು. ಕಾರ್ಖಾನೆ ದಾಬಸ್‌ಪೇಟೆಗೆ ಎತ್ತಂಗಡಿಯಾಯಿತು, ಬಸಣ್ಣ ಅದರ ಜೊತೆ ಹೋದ, ಭಾನುವಾರಗಳು ನಿಂತವು. ಹನ್ನೆರಡು ವರ್ಷ ಕಳೆದ ಮೇಲೆ, ಪುಸ್ತಕದ ಬಿಡುಗಡೆಗೆ ನೀವೇ ಮಾತಾಡಬೇಕು ಎಂದು ರತ್ನಮ್ಮ ಪ್ರತಿ ಕಳಿಸಿದ್ದರು.

ಈಗ ಕರಡು ಪ್ರತಿಗೆ ಬರೋಣ. ಕೊನೆಯ ನಾಟಕ ನೀರಿನ ಟ್ಯಾಂಕರಿಗೆ ಕಾಯುವ ಬೀದಿಯದ್ದು. ಬಿಂದಿಗೆಗಳೇ ಸಾಲಿನಲ್ಲಿ ನಿಂತು ಮನುಷ್ಯರ ಮರ್ಯಾದೆ ಕಾಯುತ್ತವೆ. ಅದರ ಹಿಂದಿನದ್ದು ಕಂಪನಿ ಬಸ್ಸು ತಪ್ಪಿದವರದ್ದು. ಇನ್ನೊಂದರಲ್ಲಿ ಸಾಯುತ್ತಿರುವ ಅಜ್ಜಿ ಸೊಸೆಗೆ ಸಾರಿನ ಪುಡಿಯ ಅಳತೆ ಹೇಳುತ್ತಾಳೆ. ಒಳ್ಳೆಯ ನಾಟಕಗಳು ಕಣ್ರೀ, ನಿಜವಾಗಿ ಒಳ್ಳೆಯವು. ಅಂಚಿನಲ್ಲಿ ಪೆನ್ಸಿಲಿನಿಂದ ಹೊಗಳಿಕೆ ಬರೆದುಕೊಂಡು ಹೋದೆ. ಮೂರನೆಯದರ ಹೊತ್ತಿಗೆ ಪೆನ್ಸಿಲ್ ನಿಂತಿತು. ಈ ನಾಟಕಗಳಲ್ಲಿ ಯಾರೂ ಬಾಯಿ ಮುಚ್ಚುವುದಿಲ್ಲ. ಅಜ್ಜಿ ಉಸಿರು ನಿಲ್ಲುವ ತನಕ ಮಾತಾಡುತ್ತಾಳೆ, ಅವಳು ನಿಲ್ಲಿಸಿದ ಕೂಡಲೇ ಸೊಸೆ ಶುರುಮಾಡುತ್ತಾಳೆ. ಒಂದು ಅರೆನಿಮಿಷ ಸುಮ್ಮನಿರುವ ಮನುಷ್ಯ ಮೂರು ನಾಟಕದಲ್ಲಿ ಒಬ್ಬನೂ ಇಲ್ಲ.

ಕೊನೆಗೆ ಮೊದಲ ನಾಟಕ, ಆ ಎರಡು ಬೀಗದಕೈಯದ್ದು, ಬಿಡಿಸಿದೆ. ಮೂರನೇ ದೃಶ್ಯ, ಅದಾದ ಮೇಲೆ ಓನರ್ ಅಮ್ಮನ ಜಗಳ. ಬಿಚ್ಚಿ ಹೊಲಿದ ಗುರುತೇ ಕಾಣದಷ್ಟು ನಾಜೂಕು ಕೆಲಸ. ಬುಧವಾರ ಕಳೆದರೆ ಅದು ಹೀಗೇ ಅಚ್ಚಾಗಿ ಹೀಗೇ ಉಳಿಯುತ್ತದೆ. ಆ ದೃಶ್ಯ ಇತ್ತು ಅನ್ನುವುದು ಗೊತ್ತಿರುವವರು ಮೂರು ಜನ. ಅದನ್ನು ಬಾಯಲ್ಲಿ ಪೂರ್ತಿ ಹೇಳಿದವನು ನಾನೊಬ್ಬ. ಸುಮ್ಮನೆ ಹೊಗಳಿ ಶಾಲು ಹೊದಿಸಿಕೊಂಡು ಬರಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಹೆದರಿಕೆಯಾದದ್ದು ಅದಕ್ಕೇ.

ಫೋನ್ ಮಾಡಿದೆ. ಆ ಕಡೆ ಕುಕ್ಕರ್ ಕೂಗುತ್ತಿತ್ತು.

"ಸಾರ್, ಓದಿದ್ರಾ? ತಪ್ಪು ಜಾಸ್ತಿ ಇದೆಯಾ?"

"ತಪ್ಪು ನನ್ನದು ರತ್ನಮ್ಮ. ಆ ಹಾಸಿಗೆ ಸೀನು. ಅದು ಉದ್ದ ಇರ್ಲಿಲ್ಲ. ನನ್ನ ನಾಟಕಕ್ಕಿಂತ ಚೆನ್ನಾಗಿತ್ತು, ಅದಕ್ಕೆ ಚೀಟಿ ಹಾಕ್ದೆ. ಹೊಟ್ಟೆಕಿಚ್ಚಿಗೆ."

ಕುಕ್ಕರ್ ಇನ್ನೊಂದು ಸಲ ಕೂಗಿತು. ಸ್ಟವ್ ಆರಿಸಿದ ಸದ್ದು ಕೇಳಿಸಿತು.

"ಅವತ್ತಿಂದ ನಾನು ಮಾತಿಲ್ದೆ ಒಂದು ಸೀನೂ ಬರ್ದಿಲ್ಲ ಸಾರ್," ಎಂದರು. ದನಿ ಸಣ್ಣದಾಗಿತ್ತು. "ಬರೆಯೋಕೆ ಕೂತ್ರೆ ನಿಮ್ಮ ಸಹಿ ಕಣ್ಮುಂದೆ ಬರೋದು. ಜನ ಎದ್ದು ಹೋಗ್ತಾರೆ ಅಂತ ಭಯ."

"ಓದಿದಾಗ ಗೊತ್ತಾಯ್ತು. ಆ ಹಾಳೆ ಇದೆಯಾ?"

"ಎಲ್ಲಿಂದ ಬರ್ಬೇಕು ಸಾರ್. ಅವತ್ತೇ ಒಲೆಗೆ ಹಾಕ್ದೆ."

ನಾನು ಕ್ಷಮೆ ಕೇಳಲು ಬಾಯಿ ತೆಗೆದೆ. ಅವರು ತಡೆದರು. "ಕೋಪ ಬಂದಿದೆ ಸಾರ್ ನನಗೆ, ಸುಳ್ಳು ಹೇಳಲ್ಲ. ಅದು ಆಮೇಲೆ. ಮೊದ್ಲು ಏನುಳ್ದಿದೆ ಹೇಳಿ. ಪೆನ್ನು ತಗೊಂಡಿದೀನಿ."

ಹೇಳಿದೆ. ಬಾಗಿಲ ಬೀಗ, ಬ್ಯಾಗು ಇಟ್ಟ ಜಾಗ, ಹಾಸಿಗೆ ಮುಟ್ಟಿದ ಕೈ ಬಲಗೈ ಅನ್ನುವುದು ಕೂಡ ನೆನಪಿತ್ತು. ಹನ್ನೆರಡು ವರ್ಷ ಅದನ್ನು ಮರೆಯಲು ಮಾಡಿದ ಪ್ರಯತ್ನವೇ ಕಾಪಾಡಿರಬೇಕು. "ಸ್ವಲ್ಪ ನಿಧಾನ ಸಾರ್," ಅನ್ನುತ್ತಾ ಬರೆದುಕೊಂಡರು. ಪೆನ್ನಿನ ಸದ್ದು ನನಗೆ ಕೇಳಿಸುತ್ತಿತ್ತು. ನನ್ನ ಕೈಯಲ್ಲಿದ್ದ ಹಳದಿ ಚೀಟಿ ಬೆವರಿಗೆ ಒದ್ದೆಯಾಗಿತ್ತು.

"ಆಮೇಲೆ ನೆಲದ ಮೇಲೆ ಕೂತ್ಕೋತಾಳೆ," ಎಂದೆ.

"ಎಷ್ಟು ಹೊತ್ತು ಸಾರ್?"

"ಹಾಸಿಗೆ ತಣ್ಣಗಾಗೋ ತನಕ."