ದೊಡ್ಡವ್ವ ಕೇಳಿಸಿಕೊಳ್ಳದ ಮಾತು

ಇಳಕಲ್ಲ ಸೀರೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿ, ಕೆಳಗೆ ನನ್ನ ಹಳೆಯ ಕ್ಯಾನ್ವಾಸ್ ಬೂಟು ಹಾಕಿಕೊಂಡು ಹಿಮಾಲಯದ ಏರು ಹತ್ತಿದವಳು ನಮ್ಮ ದೊಡ್ಡವ್ವ. ಬೂಟು ದೊಡ್ಡದಾಗಿ, ಮುಂದೆ ಅರಿವೆ ತುರುಕಿದ್ದಳು. "ಎತ್ತಿಗೆ ಲಾಳ ಬಡದಂಗ ಆಗೇದ ನೋಡವಾ" ಎಂದು ತಾನೇ ನಕ್ಕಳು.

ಅವಳು ನಮ್ಮಪ್ಪನ ಅಣ್ಣನ ಹೆಂಡತಿ. ಕರಜಗಿಯ ನಮ್ಮ ಮನೆಯಲ್ಲಿ ಆಕಳು ಈದರೂ ಸೊಸೆ ಮುನಿದರೂ ಅವಳೇ ಬೇಕು. ಬಾಯಿ ಜೋರು, ಕೈ ಇನ್ನೂ ಜೋರು. ದೊಡ್ಡಪ್ಪ ಊರಿನವರ ಜೊತೆ ಯಾತ್ರೆಗೆ ಹೋಗಿದ್ದ. ಮಳೆಗೆ ಗುಡ್ಡ ಕುಸಿದು ಅವರು ಇಳಿದುಕೊಂಡಿದ್ದ ಧರ್ಮಶಾಲೆ ಮಣ್ಣಿನ ಕೆಳಗೆ ಹೋಯಿತು. ಯಾರ ಹೆಣವೂ ಸಿಗಲಿಲ್ಲ. ವರ್ಷ ಕಳೆಯುತ್ತಲೇ ಹಿರಿಯರು, ಇನ್ನು ಬಳೆ ತೆಗೆಸಬೇಕು, ಕುಂಕುಮ ಅಳಿಸಬೇಕು ಎಂದು ಶುರು ಮಾಡಿದರು. ದೊಡ್ಡವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು: "ನಾ ಹೋಗಿ ಕೇಳಿ ಬರ್ತೀನಿ. ಆಮ್ಯಾಲ ನಿಮ್ಮ ಶಾಸ್ತ್ರ." ಜೊತೆಗೆ ಹೋಗಲು ಸೋಲಾಪುರದಲ್ಲಿ ಕಾಲೇಜು ಓದುತ್ತಿದ್ದ ನಾನು ಸಿಕ್ಕೆ.

ರೈಲು, ಆಮೇಲೆ ಬಸ್ಸು, ಆಮೇಲೆ ಜೀಪು. ಧರ್ಮಶಾಲೆಯಿದ್ದ ಊರ ತನಕ ಬಿಡುತ್ತೇನೆ ಎಂದಿದ್ದ ಜೀಪಿನವನು ಅರ್ಧ ದಾರಿಯಲ್ಲೇ ಇಳಿಸಿದ. ಮುಂದೆ ರಸ್ತೆ ಕೊಚ್ಚಿಹೋಗಿತ್ತು. "ಕಾಯ್ಕೂ ಝೂಟ್ ಬೋಲ್ಯಾ ರೇ?" ಎಂದು, ಸುಳ್ಳು ಹೇಳಿದ್ದಕ್ಕೆ, ದೊಡ್ಡವ್ವ ನಮ್ಮ ಸಂತೆಯ ಹಿಂದಿಯಲ್ಲೇ ಅವನ ಗ್ರಹಚಾರ ಬಿಡಿಸಿದಳು. ಅಲ್ಲಿಂದ ನಡಿಗೆ. ಮೆಟ್ಟಿಲು ಮೆಟ್ಟಿಲಾಗಿದ್ದ ಹೊಲ ಕಂಡು ಗಕ್ಕನೆ ನಿಂತಳು. "ಇಷ್ಟಗಲ ಹೊಲದಾಗ ಎತ್ತು ಹೆಂಗ ತಿರುಗಸ್ತಾರ?" ಗಂಡನ ಸುದ್ದಿ ಕೇಳಲು ಬಂದವಳಿಗೆ ಎತ್ತಿನ ಚಿಂತೆ! ನನಗೆ ನಗು ತಡೆಯಲಾಗಲಿಲ್ಲ.

ಧರ್ಮಶಾಲೆ ಇದ್ದ ಜಾಗದಲ್ಲಿ ಕಲ್ಲು, ಮಣ್ಣು, ಮೇಲೆ ಆಗಲೇ ಹುಲ್ಲು. ಪಕ್ಕದ ಮನೆಯ ಮುದುಕಿಗೆ ದೊಡ್ಡಪ್ಪನ ಫೋಟೊ ತೋರಿಸಿದೆವು. ಅವಳು ಹಿಂದಿಯಲ್ಲಿ ಹೇಳಿದಳು: ಹೌದು, ಈತ ಸಂಜೆ ನನ್ನ ಆಕಳ ಮೈ ಸವರಿದ್ದ. ಆಮೇಲೆ ಒಳಗೆ ಹೋದ. ಒಳಗಿದ್ದವರು ಯಾರೂ ಹೊರಗೆ ಬರಲಿಲ್ಲ.

ನಾನು ದೊಡ್ಡವ್ವನ ಕಡೆ ತಿರುಗಿದೆ. ಅವಳು ಕಲ್ಲಿನ ರಾಶಿಯನ್ನೇ ನೋಡುತ್ತಿದ್ದಳು.

"ಆಕಿ ಏನಂದಳೋ ನನಗ ತಿಳೀಲಿಲ್ಲ. ನೀನೂ ಹೇಳಬ್ಯಾಡ. ಮನ್ಯಾಗ ಕೇಳಿದ್ರ, ಯಾರಿಗೂ ಗೊತ್ತಿಲ್ಲಂದ್ರು ಅಂತ ಹೇಳು."

ಜೀಪಿನವನ ಕೂಡ ಹಿಂದಿಯಲ್ಲಿ ಜಗಳ ಆಡಿದವಳಿಗೆ ಆ ಮಾತು ತಿಳಿಯಲಿಲ್ಲವಂತೆ. ನಾನು ಹೂಂ ಅಂದೆ.

ಮನೆಯಲ್ಲಿ ಹಾಗೇ ಹೇಳಿದೆ. ಹಿರಿಯರು ಸುಮ್ಮನಾದರು, ಬಳೆ, ಕುಂಕುಮ ಉಳಿದವು. ಹೆಂಗಸರು ಮಾತ್ರ ಸುಮ್ಮನಾಗಲಿಲ್ಲ. ಸಂಕ್ರಮಣದ ಅರಿಷಿಣ-ಕುಂಕುಮಕ್ಕೆ ಓಣಿಯ ಎಲ್ಲ ಮನೆಗೂ ಕರೆ ಹೋಗುತ್ತಿತ್ತು, ದೊಡ್ಡವ್ವನನ್ನು ಬಿಟ್ಟು. ಮದುವೆಗಳಲ್ಲಿ ಅವಳು ಒಲೆಯ ಮುಂದೆ ಮಾತ್ರ ಬೇಕಾದಳು. ಮೊದಮೊದಲು "ಕರೀದಿದ್ರ ಬಿಡ್ಲಿ" ಅನ್ನುತ್ತಿದ್ದಳು. ಬರಬರುತ್ತ ಅದನ್ನೂ ಅನ್ನಲಿಲ್ಲ. ಅಷ್ಟು ಜೋರಿನ ಬಾಯಿ ಸತ್ತೇಹೋಯಿತು. ದೊಡ್ಡಪ್ಪ ಬರುವುದಿಲ್ಲವೆಂದು ಅವಳಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ದಿನಾ ಬೆಳಗ್ಗೆ ಕನ್ನಡಿಯ ಮುಂದೆ ಒಬ್ಬಳೇ ನಿಂತು ಕುಂಕುಮ ಇಟ್ಟುಕೊಳ್ಳುತ್ತಿದ್ದಳು.

ಹೋದ ವರ್ಷ ತೀರಿಕೊಂಡಳು. ಹೆಣಕ್ಕೆ ಸೀರೆ ಉಡಿಸುವ ಮೊದಲು ನಮ್ಮಪ್ಪನ ತಮ್ಮ, ಕಾಕಾ, ನನ್ನನ್ನು ಕರೆದ.

"ಖರೇ ಹೇಳವಾ, ಅಲ್ಲಿ ಏನಂದ್ರು? ಹಸಿರು ಸೀರಿ ಉಡಸೂದೋ ಬ್ಯಾಡೋ?"

"ಯಾರಿಗೂ ಗೊತ್ತಿಲ್ಲಂದ್ರು ಕಾಕಾ."

ಹಸಿರು ಸೀರೆ ಬಂತು, ಹಸಿರು ಬಳೆ ಬಂದವು. ಓಣಿಯ ಐದು ಮಂದಿ ಮುತ್ತೈದೆಯರು ಬಂದು ಉಡಿ ತುಂಬಿದರು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಒಂದು ಸಂಕ್ರಮಣಕ್ಕೂ ಅವಳನ್ನು ಹೊಸ್ತಿಲು ದಾಟಿಸದವರು, ಮುತ್ತೈದೆ ಸಾವು ಪುಣ್ಯದ್ದೆಂದು ಅವಳ ಹಣೆಯ ಕುಂಕುಮ ತೆಗೆದು ತಮ್ಮ ತಮ್ಮ ಹಣೆಗೆ ಹಚ್ಚಿಕೊಂಡರು.