ನೇರಳೆ ಬೆಳಕಿನಲ್ಲಿ ಗಟ್ಟಿಯಾದ ಬಟ್ಟಲು

ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿ, ಅಲ್ಲಿಂದ ಬಿಜಾಪುರ, ಸೊಲ್ಲಾಪುರ ದಾಟಿ ಪುಣೆ ಮುಟ್ಟುವ ಹೊತ್ತಿಗೆ ನನ್ನ ಗಂಟಿನಲ್ಲಿ ಎರಡೇ ರೊಟ್ಟಿ ಉಳಿದಿದ್ದವು. ಅವುಗಳ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಮರದ ಬಟ್ಟಲು. ಬಿತ್ತುವ ಕೂರಿಗೆಗೆ ಬೀಜ ಹಾಕುವ ಬಟ್ಟಲು ಅದು, ತೀರಿಹೋದ ನನ್ನ ಮಗ ಕೊರೆದ ಕೊನೆಯದು. ಅಂಚಿನಲ್ಲಿ ಅವನ ಉಳಿ ಜಾರಿದ ಗೀರು ಇತ್ತು. ಈಗ ಬಟ್ಟಲನ್ನು ಹುಳ ತಿನ್ನುತ್ತಿತ್ತು. ಆ ಗೀರು ಹೋದರೆ ಅವನ ಕೈಯ ಗುರುತೇ ಹೋಗುತ್ತದೆಂದು, ಅಂಥದೇ ಇನ್ನೊಂದು ಮಾಡಿಸಲು ಹೊರಟಿದ್ದೆ.

ಅವನ ಮಗಳು ಶೈಲಾ ಅಲ್ಲಿನ ಕಾರ್ಖಾನೆಯಲ್ಲಿ ವಸ್ತುಗಳನ್ನು ಪದರು ಪದರಾಗಿ ಮುದ್ರಿಸುವ ಯಂತ್ರ ನಡೆಸುತ್ತಾಳೆ. ಮೂರನೇ ಇಯತ್ತೆಗೇ ಶಾಲೆ ಬಿಟ್ಟ ಬಡಿಗನ ಮೊಮ್ಮಗಳು! ಎಲ್ಲರೂ ಅವಳಿಗೆ ಮೇಡಂ ಅನ್ನುವುದನ್ನು ಕೇಳಿ ಎದೆ ತುಂಬಿತು. ಕೇಳಲು ಅವಳಪ್ಪ ಇಲ್ಲವಲ್ಲ ಎಂದು ಕಣ್ಣೂ ತುಂಬಿದವು.

ಬಟ್ಟಲಿನ ಮೇಲೆ ಬೆಳಕಿನ ಗೆರೆ ಹಾಯಿಸಿ ಅಳತೆಯನ್ನು ಕಂಪ್ಯೂಟರಿಗೆ ತುಂಬಿದಳು. ರಜೆಯ ದಿನ ಮಾಲೀಕರನ್ನು ಬೇಡಿಕೊಂಡು ಯಂತ್ರ ಹಚ್ಚಿದಳು.

"ಇಲ್ಲಿ ನೋಡ್ ಮುತ್ಯಾ, ಸಣ್ಣ ಸಣ್ಣ ತೂತು ಅದಾವ. ರಾಳ ಹನಿಹನಿ ಸಿಡಿತೈತಿ. ಹಿಂದಿಂದ್ಲೇ ನೇರಳೆ ಬೆಳಕು ಬಿದ್ದು ಗಟ್ಟಿ ಆಗ್ತೈತಿ. ಹಲಗಿ ಕೂದಲೆಳಿಗಿಂತ ಕಡಿಮಿ ಕೆಳಗಿಳಿತೈತಿ, ಮ್ಯಾಲೆ ಮತ್ತೊಂದು ಪದರು."

"ನಾವು ಕೆತ್ತಿ ತಗೀತೇವಿ, ನೀ ಹಚ್ಚಿ ಬೆಳಸ್ತೀ. ನಿಮ್ಮಪ್ಪ ಇದ್ದಿದ್ರ ನಿನ್ನ ಕೂಡ ಜಗಳಾ ಆಡ್ತಿದ್ದ."

"ಆಡ್ಲಿ ಬಿಡು, ಸೋಲ್ತಿದ್ದ," ಎಂದು ನಕ್ಕವಳು ಮುಖ ಆಚೆ ತಿರುಗಿಸಿದಳು.

ಸಂಜೆ, ಪದರುಗಳು ಕುಸಿಯದಂತೆ ಯಂತ್ರ ಆಸರೆಗೆ ತುಂಬಿದ್ದ ಲೋಳೆಯನ್ನು ನೀರು ಚಿಮ್ಮಿಸಿ ತೊಳೆದಾಗ ಹೊಸ ಬಟ್ಟಲು ಹೊರಬಂತು. ಅಂಚಿಗೆ ಬೆರಳಾಡಿಸಿದೆ. ಗೀರು ಇತ್ತು.

ಮರುದಿನ ಹೊರಟೆ. ಬಿತ್ತುವಾಗ ಪೂಜೆ ಮಾಡಿದ ಹಳೆಯ ಸಾಮಾನನ್ನು ನಾವು ತಿಪ್ಪೆಗೆ ಹಾಕುವುದಿಲ್ಲ, ಹೊಳೆಗೆ ಬಿಡುತ್ತೇವೆ. ಭೀಮಾ ಸೇತುವೆ ಬಂದಾಗ, ಹೊಸದು ಸಿಕ್ಕಿತಲ್ಲ ಎಂಬ ನೆಮ್ಮದಿಯಲ್ಲಿ, ಮರದ ಬಟ್ಟಲಿಗೆ ಕೈಮುಗಿದು ಬಸ್ಸಿನ ಕಿಟಕಿಯಿಂದ ನೀರಿಗೆ ಬಿಟ್ಟೆ.

ಬಾಗೇವಾಡಿಯಲ್ಲಿ ಮುಂದಿನ ಬಸ್ಸಿಗೆ ಎರಡು ತಾಸು ಇತ್ತು. ಬೇಸಿಗೆಯ ಸುಡುಬಿಸಿಲು. ಹೊಸ ಬಟ್ಟಲಿಗೆ ಎಣ್ಣೆ ಸವರಿ ಬಿಸಿಲಿಗಿಡುವುದು ನಮ್ಮ ಬಡಿಗರ ಪದ್ಧತಿ. ಪೇಟೆಯಿಂದ ಕುಸುಬಿ ಎಣ್ಣೆ ತಂದು ಸವರಿ, ಕಲ್ಲುಕಟ್ಟೆಯ ಮೇಲಿಟ್ಟು, ನೆರಳಲ್ಲಿ ತೂಕಡಿಸಿದೆ.

"ಯಜ್ಜಾ, ಏಳ್ರಿ! ನಿಮ್ಮ ಬಟ್ಟಲಾ ಹಪ್ಪಳಾಗೇತಿ!" ಎಂದು ಚಹಾ ಮಾರುವವಳು ಕೂಗಿದಳು.

ಮರವಲ್ಲದ ಆ ರಾಳದ ಬಟ್ಟಲು ಬಿಸಿಲಿಗೆ ಒಂದು ಕಡೆ ಮೆತ್ತಗಾಗಿ ಕುಸಿದಿತ್ತು. ಎತ್ತಿ ನೆಟ್ಟಗೆ ಮಾಡಲು ಹೋದೆ, ಇನ್ನಷ್ಟು ಸೊಟ್ಟಾಯಿತು. ಮರದ್ದನ್ನು ಒಯ್ದ ಭೀಮೆ ಆಗಲೇ ದೂರ ಹಿಂದೆ ಉಳಿದಿತ್ತು.

ಊರಿಗೆ ಬಂದು ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ.

"ಬಟ್ಟಲಾ ಹೆಂಗೈತಿ, ಮುತ್ಯಾ?"

ಮತ್ತೊಮ್ಮೆ ಮಾಲೀಕರನ್ನು ಬೇಡು ಎನ್ನಲು ಬಾಯಿ ಬರಲಿಲ್ಲ. ತೊಡೆಯ ಮೇಲಿದ್ದ ಸೊಟ್ಟ ಅಂಚಿನಲ್ಲಿ ಬೆರಳು ಹುಡುಕಿತು. ಗೀರು ಸಿಕ್ಕಿತು.

"ನಿಮ್ಮಪ್ಪ ಕೊರದಂಗ ಐತಿ, ನನ್ನವ್ವ," ಎಂದೆ.