ಮೊಳೆ ಹೊಡೆಯದ ಗೋಡೆ

ಬಾಡಿಗೆ ಮನೆ ಹುಡುಕಲು ಹೊರಟರೆ ಇವತ್ತಿಗೂ ನನ್ನ ಬಾಯಿ ಒಣಗುತ್ತದೆ. ನಾವು ಊರಾಚೆಯ ಕೇರಿಯಲ್ಲಿ ಹುಟ್ಟಿ ಬುದ್ಧನನ್ನು ಹಿಡಿದ ಮನೆಯವರು. ಯಜಮಾನರದು ಗುಮಾಸ್ತಿಕೆ, ಎರಡು ಸಾವಿರದ ಇಸವಿ ದಾಟಿದ ಮೇಲೆ ವರ್ಗದ ಮೇಲೆ ವರ್ಗ. "ಹೊಸ ಊರಲ್ಲಿ ಮೊದಲು ಬಾವಿ ನೋಡು, ಆಮೇಲೆ ಬಾಯಿ ಬಿಡು" ಎನ್ನುತ್ತಿದ್ದಳು ನಮ್ಮಜ್ಜಿ. ಬಾವಿಗಳು ಹೋಗಿ ನಲ್ಲಿ ಬಂದಿದ್ದವು. ಜಾತಿಯ ಪ್ರಶ್ನೆ ಮಾತ್ರ ಹಾಗೇ ಇತ್ತು, ಕೇಳುವ ಬಗೆ ಊರಿಗೊಂದು.

ಚಿಕ್ಕಬಳ್ಳಾಪುರದವರು ನಯಸ್ಥರು. ಕೂರಿಸಿ, "ನಿಮ್ಮ ಮನೆದೇವರು ಯಾವುದಮ್ಮ?" ಎನ್ನುತ್ತಿದ್ದರು. ಬುದ್ಧ ಎಂದರೆ ಮುಖದ ನಗು ಹಾಗೇ ಇರುತ್ತಿತ್ತು; ಸಂಜೆಯೊಳಗೆ ಮನೆ ತಂಗಿಯ ಮಗನಿಗೆ ಮೀಸಲಾಗಿಬಿಡುತ್ತಿತ್ತು. ಗೌರಿಬಿದನೂರಿನವರು ಒಲೆಯ ಕಡೆಯಿಂದ ಬರುತ್ತಿದ್ದರು: "ಭಾನುವಾರ ಏನ್ ಸಾರು ಮಾಡ್ತೀರಾ?" ಚಿಂತಾಮಣಿಯಲ್ಲಿ ಈ ಸುತ್ತುಬಳಸು ಇಲ್ಲ. ಮುರುಗಮಲ್ಲದ ಬಸ್ಸು ನಿಲ್ಲುವ ಬೀದಿಯಲ್ಲಿ ಒಬ್ಬಾಕೆ ತೆಲುಗಿನಲ್ಲೇ "ಮೀದಿ ಏ ಕುಲಮಮ್ಮಾ?" ಎಂದು ನೇರವಾಗಿ ಜಾತಿಯನ್ನೇ ಕೇಳಿ, ಉತ್ತರ ಸಿಕ್ಕಿದ್ದೇ ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಸಂಜೆಯವರೆಗೆ ಆಸೆ ಹುಟ್ಟಿಸಿ ಕಾಯಿಸಲಿಲ್ಲವಲ್ಲ, ಅಷ್ಟು ಪುಣ್ಯ.

ಶಿಡ್ಲಘಟ್ಟದಲ್ಲಿ ಏನೂ ಕೇಳಲಿಲ್ಲ. ಅಲ್ಲೇ ನನಗೆ ಹೆಚ್ಚು ಹೆದರಿಕೆಯಾದದ್ದು.

ಮನೆಯೊಡತಿ ಒಬ್ಬ ಮುದುಕಿ, ಹಿತ್ತಲಲ್ಲಿ ರೇಷ್ಮೆಹುಳ ಸಾಕುತ್ತಿದ್ದಳು. "ಹುಳದ ಮನೆ ಕಡೆ ಬರಬ್ಯಾಡ ಕಣಮ್ಮ" ಎಂಬುದೊಂದೇ ಅವಳ ಕಟ್ಟಳೆ. ಹೊರಗಿನವರೆಲ್ಲರಿಗೂ ಹೇಳುವ ಮಾತೋ, ನನಗೆ ಮಾತ್ರವೋ ತಿಳಿಯದು. ಬುದ್ಧನ ಪಟ ಹಳೆ ಸೀರೆಯಲ್ಲಿ ಸುತ್ತಿಕೊಂಡು ಟ್ರಂಕಿನಲ್ಲೇ ಉಳಿಯಿತು. ಮಗಳನ್ನು ಆಗಷ್ಟೇ ಶಾಲೆಗೆ ಸೇರಿಸಿದ್ದೆವು. ನಡುವರ್ಷದಲ್ಲಿ ಈ ಮನೆಯೂ ಹೋದರೆ? ಮುದುಕಿಯ ಚಪ್ಪಲಿ ಸದ್ದು ಕೇಳಿದರೆ, ಇವತ್ತು ಕೇಳಿಯೇಬಿಡುತ್ತಾಳೆ ಎಂದುಕೊಂಡು ಟ್ರಂಕಿನ ಚಿಲಕ ನೋಡುತ್ತಿದ್ದೆ.

ಒಂದು ಬೆಳಿಗ್ಗೆ ಅವಳೇ ಬಾಗಿಲು ಬಡಿದಳು. ಹುಳಗಳೆಲ್ಲ ಒಟ್ಟಿಗೆ ಹಣ್ಣಾಗಿ, ನೂಲು ಬಿಡಲು ಸಿದ್ಧವಾಗಿದ್ದವು. ಅವನ್ನು ಬೇಗ ಆರಿಸಿ, ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರ ತಟ್ಟಿಗೆ ಬಿಡದಿದ್ದರೆ ನೂಲೆಲ್ಲ ಹಾಳು. ಆಳುಗಳು ಕೈಕೊಟ್ಟಿದ್ದರು.

"ಕೈ ತೊಳ್ಕಂಡು ಬಾರಮ್ಮ, ಬೇಗ."

ಹುಳದ ಮನೆಯ ಹೊಸ್ತಿಲಲ್ಲಿ ನನ್ನ ಕಾಲು ನಿಂತುಬಿಟ್ಟಿತು. ನಾಳೆ ಬೆಳೆ ಕೆಟ್ಟರೆ, ಮುಟ್ಟಿದವರು ಯಾರು ಎಂಬ ಮಾತು ಬಂದೇ ಬರುತ್ತದೆ. ಆಗ ಗೊತ್ತಾಗುವುದಕ್ಕಿಂತ ಈಗಲೇ ಹೇಳುವುದು ಲೇಸು.

"ಅಜ್ಜೀ, ನಾವು ಬುದ್ಧನ ಕಡೆಯೋರು. ಊರಾಚೆ ಕೇರಿಯೋರು."

ಅವಳು ನನ್ನ ಕೈ ಹಿಡಿದು ಮೂಸಿದಳು. "ಪೌಡರ್ ಗೀಡರ್ ಹಾಕ್ಕಂಡಿದ್ದೀಯಾ?"

"ಇಲ್ಲ."

"ಸೊಳ್ಳೆ ಬತ್ತಿ ಹಚ್ಚಿದ್ಯಾ? ಆ ವಾಸ್ನೆಗೇ ಹುಳ ಸಾಯ್ತವೆ."

"ಇಲ್ಲಜ್ಜಿ."

"ಮತ್ತಿನ್ನೇನು ಪುರಾಣ? ಹುಳಕ್ಕೆ ರೋಗ ಬರ್ದಂಗೆ ಹಾಕಿರೋ ಆ ಸುಣ್ಣ ತುಳ್ಕಂಡು ಒಳಗ್ ಬಾ. ಹುಳ ನಿನ್ ಕಥೆ ಕೇಳ್ಕಂಡು ಕೂತಿರ್ತವಾ?"

ಮಧ್ಯಾಹ್ನದವರೆಗೆ ಆರಿಸಿದೆವು. ಬೆರಳಲ್ಲಿ ತಣ್ಣಗೆ, ಮೆತ್ತಗೆ ಹೊರಳುವ ಒಂದೊಂದು ಹುಳವನ್ನೂ ಎತ್ತುವಾಗ, ಇದು ಸಾಯದಿರಲಿ ಎಂದುಕೊಳ್ಳುತ್ತಿದ್ದೆ. ಮುಗಿದ ಮೇಲೆ ಧೈರ್ಯ ಮಾಡಿ ಕೇಳಿದೆ: "ಒಂದು ಪಟ ಐತೆ ಅಜ್ಜಿ. ಗೋಡೆಗೆ ಮೊಳೆ ಹೊಡೀಲಾ?"

"ಈಗ್ಬೇಡ. ಗೂಡು ಕಟ್ಟೋವಾಗ ಸದ್ದಾಗ್ಬಾರ್ದು. ಗೂಡು ಬಿಡಿಸಿದ್ ಮೇಲೆ ನೋಡಣ."

ಆ "ನೋಡಣ" ಎಂಬ ಮಾತು ನನ್ನ ನಿದ್ದೆ ತಿಂದಿತು. ಗೂಡು ಮೆತ್ತಗಾದರೆ? ಹುಳ ಒಳಗೇ ಕೊಳೆತರೆ? ಮಗಳು ಪಾಠ ಗಟ್ಟಿಯಾಗಿ ಓದಿದರೂ ಅವಳ ಬಾಯಿ ಮುಚ್ಚಿಸುತ್ತಿದ್ದೆ. ಹಿತ್ತಲ ಬಾಗಿಲು ತೆರೆದಾಗಲೆಲ್ಲ ಮುದುಕಿಯ ಮುಖ ನೋಡುತ್ತಿದ್ದೆ.

ಚಂದ್ರಿಕೆಯಿಂದ ಗೂಡು ಬಿಡಿಸಿದ ದಿನ ಅವಳು ಒಂದನ್ನು ತಂದು ನನ್ನ ಕಿವಿಯ ಬಳಿ ಅಲ್ಲಾಡಿಸಿದಳು. ಒಳಗೆ ಕಟಕಟ ಸದ್ದು.

"ಗಟ್ಟಿ ಐತೆ. ಹೋಗು, ಹೊಡ್ಕೋ ನಿನ್ ಮೊಳೆ."

ಅವಳು ಕೊಡುವ ಕಾಫಿ ಎಂದಿನಂತೆ ಅವತ್ತೂ ಅಂಗಳಕ್ಕೇ ಬಂತು. ತನ್ನ ಅಡುಗೆಮನೆಗೆ ಅವಳು ನನ್ನನ್ನು ಕೊನೆಯವರೆಗೂ ಕರೆಯಲಿಲ್ಲ, ನಾನೂ ಹೊಸ್ತಿಲು ದಾಟಲಿಲ್ಲ. ಪಟ ಹೊರತೆಗೆದು ಮೊಳೆ ಹಿಡಿದರೆ ಮೊದಲ ಏಟಿಗೇ ಅದು ಬಾಗಿಹೋಯಿತು. ಮಗಳು ಇನ್ನೊಂದು ಮೊಳೆ ತಂದುಕೊಟ್ಟಳು.